ಸ್ವೆಟರ್ ಅಕ್ಕ ಇಟ್ಟ ಕಲ್ಲು

ಸಾವಿನ ಸುದ್ದಿ ಕೇಳಿ ರಜೆ ಹಾಕುವ ಅಭ್ಯಾಸ ನನಗಿಲ್ಲ. ಹತ್ತಿರದವರಾದರೆ ಅರ್ಧ ದಿನ, ದೂರದವರಾದರೆ ಭಾನುವಾರ ಹೋಗಿ ಮಾತಾಡಿಸಿಕೊಂಡು ಬರುವುದು, ಅಷ್ಟೇ. ಆದರೆ ಮೊನ್ನೆ ಹುಣಸೂರಿನ ಹತ್ತಿರದ ಟಿಬೆಟ್ ಕ್ಯಾಂಪಿನಿಂದ ಯಾರೋ ಫೋನು ಮಾಡಿ, ಕಣ್ಣು ನೋಡುವ ಮೇಡಂ ನೀವೇನಾ ಎಂದು ಕೇಳಿ, ನಮ್ಮ ಚಿಕ್ಕಮ್ಮ ಹೋಗಿಬಿಟ್ಟರು, ನಿಮಗೆ ತಿಳಿಸಲೇಬೇಕು ಎಂದು ಹೇಳಿದ್ದರು ಎಂದಾಗ ನಾನು ಎರಡು ದಿನದ ರಜೆ ಬರೆದುಕೊಟ್ಟೆ. ಕಾರಣ ಎಂಬ ಜಾಗದಲ್ಲಿ ‘ಅಕ್ಕನ ಸಾವು’ ಎಂದು ಬರೆದೆ. ನನಗೆ ಒಡಹುಟ್ಟಿದವರು ಯಾರೂ ಇಲ್ಲವೆಂಬುದು ನಮ್ಮ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೂ ನಾನು ಅದನ್ನು ತಿದ್ದುತ್ತಿರಲಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ಊರಿನ ಸಂತೆಗಳಲ್ಲೂ ಆಕೆಯ ಹೆಸರು ಸ್ವೆಟರ್ ಅಕ್ಕ. ನಿಜವಾದ ಹೆಸರು ನನಗೆ ಗೊತ್ತು, ಆದರೆ ಬರೆಯುವುದಿಲ್ಲ. ಆ ಹೆಸರನ್ನು ನಾನು ಎಂದೂ ಸರಿಯಾಗಿ ಉಚ್ಚರಿಸಲಿಲ್ಲ, ನನ್ನ ಬಾಯಲ್ಲಿ ಅದು ಯಾವುದೋ ತಿಂಡಿಯ ಹೆಸರಿನಂತೆ ಕೇಳುತ್ತದೆ ಎಂದು ಆಕೆಯೇ ನಗುತ್ತಿದ್ದಳು.

ನಾನು ಆಕೆಯನ್ನು ಕಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಗ ನನಗೆ ಇಪ್ಪತ್ತನಾಲ್ಕು. ಮೈಸೂರಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ. ಡಾಕ್ಟರಲ್ಲ, ಡಾಕ್ಟರಿಗಿಂತ ಮುಂಚೆ ಹೋಗುವವಳು. ಹೆಗಲ ಚೀಲದಲ್ಲಿ ಅಕ್ಷರದ ಚಾರ್ಟು, ಟಾರ್ಚು, ಅಳತೆಯ ಟೇಪು ಇಟ್ಟುಕೊಂಡು ಊರೂರಿಗೆ ಹೋಗಿ ಮಕ್ಕಳ ಕಣ್ಣು, ಮುದುಕರ ಕಣ್ಣು ನೋಡಿ, ಯಾರಿಗೆ ಕನ್ನಡಕ, ಯಾರಿಗೆ ಪೊರೆಯ ಆಪರೇಷನ್ ಎಂದು ಪಟ್ಟಿ ಮಾಡುವುದು. ಹನಗೋಡು, ವೀರನಹೊಸಹಳ್ಳಿ ಕಡೆ ಹೋದರೆ ಸಂಜೆಯ ಬಸ್ಸು ಕೈಕೊಟ್ಟಿತೆಂದೇ ಲೆಕ್ಕ. ಹಾಗಾಗಿ ತಿಂಗಳಲ್ಲಿ ಹದಿನೈದು ದಿನ ನನ್ನ ವಾಸ ತಾಲ್ಲೂಕು ಕೇಂದ್ರಗಳ ಹೆಣ್ಣುಮಕ್ಕಳ ಹಾಸ್ಟೆಲುಗಳಲ್ಲಿ. ಪ್ರತಿ ಹಾಸ್ಟೆಲಿನಲ್ಲೂ ಹೊರಗಿನಿಂದ ಬರುವ ಹೆಂಗಸರಿಗೆಂದು ಒಂದು ಕೋಣೆ ಇರುತ್ತಿತ್ತು. ತರಬೇತಿಗೆ ಬಂದ ಅಂಗನವಾಡಿ ಟೀಚರು, ನರ್ಸು, ಪರೀಕ್ಷೆಯ ಕೆಲಸಕ್ಕೆ ಬಂದ ಮೇಡಮ್ಮು, ಎಲ್ಲರಿಗೂ ಅದೇ. ಮೂರು ಕಬ್ಬಿಣದ ಮಂಚ, ಒಂದು ಬಲ್ಬು, ಒಳಗಿನಿಂದ ಸರಿಯಾಗಿ ಕೂರದ ಚಿಲಕ. ಒಂಟಿ ಹೆಣ್ಣು ಹೀಗೆ ಊರೂರು ಸುತ್ತುವುದು ನಮ್ಮ ಊರಿನವರಿಗೆ ಹಿಡಿಸಿರಲಿಲ್ಲ. ನನಗೆ ಬಹಳ ಹಿಡಿಸಿತ್ತು.

ಎಚ್.ಡಿ. ಕೋಟೆಯ ಹಾಸ್ಟೆಲಿನಲ್ಲಿ ಒಂದು ಚಳಿಗಾಲದ ಬೆಳಗ್ಗೆ ಎದ್ದಾಗ ಕಿಟಕಿಯ ಕಟ್ಟೆಯ ಮೇಲೆ ಏಳು ಸ್ಟೀಲ್ ಲೋಟಗಳು ಸಾಲಾಗಿ ನಿಂತಿದ್ದವು. ಎಲ್ಲದರಲ್ಲೂ ಕಂಠದವರೆಗೆ ನೀರು. ಹಾಸ್ಟೆಲಿನವರು ಎಷ್ಟು ಅಚ್ಚುಕಟ್ಟು ಎಂದುಕೊಂಡು ಒಂದನ್ನು ಎತ್ತಿ ಗಟಗಟ ಕುಡಿದೆ. ತಿರುಗಿ ನೋಡಿದರೆ ಪಕ್ಕದ ಮಂಚದ ಮೇಲೆ ಜಪಮಾಲೆ ಹಿಡಿದು ಕೂತಿದ್ದ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ನಲವತ್ತು ದಾಟಿದ ವಯಸ್ಸು, ಅಗಲ ಮುಖ, ಉದ್ದನೆಯ ಕಪ್ಪು ಉಡುಪಿನ ಮೇಲೆ ಸೊಂಟಕ್ಕೆ ಕಟ್ಟಿದ ಬಣ್ಣದ ಪಟ್ಟೆಯ ಏಪ್ರನ್ನು. ಹಿಂದಿನ ಸಂಜೆ ನಾನು ಬರುವಷ್ಟರಲ್ಲಿ ಆಕೆ ಮುಸುಕೆಳೆದು ಮಲಗಿಯಾಗಿತ್ತು. ಆ ನೀರು ಅವರ ದೇವರಿಗೆ ದಿನವೂ ಇಡುವ ನೈವೇದ್ಯ, ಬಟ್ಟಲಿಲ್ಲದ್ದಕ್ಕೆ ಅಡುಗೆಮನೆಯಿಂದ ಲೋಟ ತಂದಿದ್ದಳು ಎಂಬುದು ಆಮೇಲೆ ತಿಳಿಯಿತು. ಅದಕ್ಕೂ ಮೊದಲೇ ಏನೋ ತಪ್ಪಾಗಿದೆ ಎನ್ನಿಸಿ, ನಾನು ಒಂದು ಲೋಟ ಕುಡಿದುಬಿಟ್ಟೆ ಎಂದು ಒಪ್ಪಿಕೊಂಡೆ.

"ಕುಡಿದ್ರೆ ಕುಡಿದೆ ಬುಡು," ಎಂದಳು ಅಪ್ಪಟ ಹುಣಸೂರು ಕನ್ನಡದಲ್ಲಿ. "ನಮ್ಮ ದೇವ್ರಿಗೆ ಬಾಯಾರಿಕೆ ಇಲ್ಲ ಕಣವ್ವ, ನಿಂಗಿತ್ತು."

ಎದ್ದು ಹೋಗಿ ಆ ಲೋಟವನ್ನು ಮತ್ತೆ ತುಂಬಿಸಿ ತಂದು ಸಾಲಿಗೆ ಸೇರಿಸಿದಳು. ನಮ್ಮ ಸ್ನೇಹ ಶುರುವಾದದ್ದು ಹೀಗೆ, ದೇವರ ಪಾಲಿನ ನೀರು ಕುಡಿದು.

ನನಗಿಂತ ಆಕೆಯ ಕನ್ನಡ ಚೆನ್ನಾಗಿತ್ತು. ಅಪ್ಪನ ಬೆನ್ನ ಮೇಲೆ ಕೂತು ಹಿಮಾಲಯ ದಾಟಿ ಬಂದ ಮಗು, ಕಾಡು ಕಡಿದು ಜೋಳ ಹಾಕುತ್ತಿದ್ದ ಕ್ಯಾಂಪಿನಲ್ಲಿ ಅಕ್ಕಪಕ್ಕದ ಹಳ್ಳಿಯ ಆಳುಗಳ ಜೊತೆ ಬೆಳೆದು ಮಾತು ಕಲಿತಿತ್ತು. ಕೆ.ಆರ್. ನಗರದ ಹಾಸ್ಟೆಲಿನಲ್ಲಿ ಹೊಸದಾಗಿ ಬಂದ ವಾರ್ಡನ್ ರಿಜಿಸ್ಟರಿನಲ್ಲಿ ಸ್ವಂತ ಊರು ಬರೆಸುವಾಗ, ಕ್ಯಾಂಪಿರುವ ಗುರುಪುರ ಎಂದರೆ ಒಪ್ಪದೆ, ಅದಲ್ಲ, ನಿಜವಾದ ಊರು ಹೇಳಿ ಎಂದು ಎರಡು ಸಲ ಕೇಳಿದರು. ಹುಟ್ಟಿದ ಊರಿನ ನೆನಪಿಲ್ಲ, ಮುದ್ದೆ ನುಂಗೋದು ಕಲಿತದ್ದು ಗುರುಪುರದಲ್ಲಿ, ಅದನ್ನೇ ಬರೆದುಕೊಳ್ಳಿ ಎಂದು ಆಕೆ ಗಂಭೀರವಾಗಿ ಹೇಳಿದಳು. ವಾರ್ಡನ್ ಬರೆದುಕೊಂಡರು.

ಕಾರ್ತಿಕದಿಂದ ಮಾಘದವರೆಗೆ ಆಕೆ ಸಂತೆಯಿಂದ ಸಂತೆಗೆ ಸ್ವೆಟರಿನ ಗಂಟು ಹೊತ್ತು ತಿರುಗುತ್ತಿದ್ದಳು. ಟಿಬೆಟಿನ ಅಜ್ಜಿಯರು ಕೈಯಲ್ಲಿ ಹೆಣೆದದ್ದು ಎಂದು ನಂಬಿ ಜನ ಕೊಳ್ಳಲು ಬಂದರೆ, ಲೂಧಿಯಾನದಿಂದ ಪಾರ್ಸೆಲ್ಲಿನಲ್ಲಿ ಬಂದದ್ದು ಎಂದು ತಾನೇ ಹೇಳಿಬಿಡುವಳು. ಮಗುವನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಹೆಗಲಿಗೆ ಸ್ವೆಟರು ಹಿಡಿದು ನೋಡಿ, ಯಾವಾಗಲೂ ಒಂದು ಅಳತೆ ದೊಡ್ಡದನ್ನೇ ಕೊಡುವಳು. ಮಕ್ಕಳು ಬೆಳೆಯುತ್ತವೆ, ಉಲ್ಲನ್ ಬೆಳೆಯುವುದಿಲ್ಲ ಎಂಬುದು ಆಕೆಯ ವಾದ. ನನಗೂ ಒಂದು ಮರೂನ್ ಬಣ್ಣದ್ದನ್ನು ಹಾಗೆಯೇ ಕೊಟ್ಟಳು. ನಾನು ಇನ್ನೇನು ಬೆಳೆಯುತ್ತೇನೆ ಎಂದರೆ, ಬೆಳೀಬೇಕು ನೀನು ಎಂದು ಮಾತು ಮುಗಿಸಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೆ ಆಕೆಯ ಬೆರಳುಗಳು ಮಣಿ ಎಣಿಸುತ್ತಲೇ ಇರುತ್ತಿದ್ದವು. ದಾರಿಯಲ್ಲಿ ಮಾರಮ್ಮನ ಗುಡಿ ಬಂದರೆ ತಲೆ ಬಾಗಿಸುವಳು, ಮಸೀದಿ ಬಂದರೆ ಬಾಗಿಸುವಳು, ದೋರನಹಳ್ಳಿ ಚರ್ಚಿನ ಕಡೆಗೂ ಬಾಗಿಸುವಳು. ನಿಮ್ಮ ದೇವರು ಇವರಲ್ಲವಲ್ಲ ಎಂದು ನಾನು ಕೆಣಕಿದೆ. ಬೇರೆಯವರ ಊರಿಗೆ ಬಂದವರು ಮನೆ ಯಜಮಾನನನ್ನು ಮಾತಾಡಿಸಿಕೊಂಡು ಹೋಗಬೇಡವೇ ಎಂದಳು. ನನಗೆ ಆಗ ಯಾವ ಯಜಮಾನನ ಮೇಲೂ ನಂಬಿಕೆ ಇರಲಿಲ್ಲ. ವಿಜ್ಞಾನ ಓದಿದವಳು ಎಂಬ ಜಂಬ ಬೇರೆ. ಅದನ್ನು ಆಕೆಗೆ ಹೇಳಿಯೂ ಇದ್ದೆ. ಆಕೆ ವಾದ ಮಾಡಲಿಲ್ಲ. ಹಾಗಾದರೆ ನಿನ್ನ ಪಾಲಿನದೂ ನಾನೇ ಎಣಿಸುತ್ತೇನೆ ಎಂದು ಒಂದು ಮಣಿ ಹೆಚ್ಚಿಗೆ ಉರುಳಿಸಿದಳು.

ಇಷ್ಟೆಲ್ಲ ಜನರ ಕಣ್ಣು ನೋಡುತ್ತಿದ್ದ ನನಗೆ ನನ್ನ ಅವ್ವನ ಕಣ್ಣು ಒಂದು ತಲೆನೋವಾಗಿತ್ತು. ಕೆ.ಆರ್. ನಗರದ ಹತ್ತಿರದ ನಮ್ಮೂರಿನಲ್ಲಿ ಅವ್ವ ಒಬ್ಬಳೇ ನಿಂತು ಗದ್ದೆ ಮಾಡಿಸುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದು ಬಲಿತಿತ್ತು. ನಮ್ಮ ಡಾಕ್ಟರು ನೋಡಿ, ಇನ್ನೂ ತಡಮಾಡಿದರೆ ಒಳಗೆ ಒತ್ತಡ ಏರಿ ಇದ್ದಬದ್ದ ದೃಷ್ಟಿಯೂ ಹೋಗುತ್ತದೆ ಎಂದು ಎಚ್ಚರಿಸಿದ್ದರು. ಅವ್ವ ಮಾತ್ರ ಆಪರೇಷನ್ನಿಗೆ ಒಪ್ಪುತ್ತಿರಲಿಲ್ಲ. ಕಾರಣ ಅಡುಗೆಮನೆಯ ನಾಗಂದಿಗೆಯ ಮೇಲೆ ಹಳದಿ ಬಟ್ಟೆಯ ಗಂಟಾಗಿ ಕೂತಿತ್ತು.

ನಾನು ಆರು ವರ್ಷದವಳಿದ್ದಾಗ ವಿಷಮಶೀತ ಜ್ವರದಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದೆನಂತೆ. ಮಗಳು ಬದುಕಿದರೆ ಬೆಟ್ಟದಪುರದ ಬೆಟ್ಟವನ್ನು ಬರಿಗಾಲಲ್ಲಿ ಹತ್ತಿ ಮಲ್ಲಿಕಾರ್ಜುನನಿಗೆ ಒಪ್ಪಿಸುತ್ತೇನೆ ಎಂದು ಅವ್ವ ಒಂದು ನಾಣ್ಯವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಮುಡಿಪು ಮಾಡಿಟ್ಟಳು. ನಾನು ಬದುಕಿದೆ. ಆ ವರ್ಷವೇ ಅಪ್ಪ ತೀರಿಕೊಂಡರು, ಗದ್ದೆ ಅವ್ವನ ಮೇಲೆ ಬಿತ್ತು, ನೋಡನೋಡುತ್ತ ಮಂಡಿ ಸೋತಿತು. ಹದಿನೆಂಟು ವರ್ಷ ಮುಡಿಪು ಹಾಗೇ ಉಳಿಯಿತು. ಕಣ್ಣು ಮಂಜಾಗಿದ್ದು ಆ ತಪ್ಪಿಗೇ ಎಂದು ಅವ್ವನ ತೀರ್ಮಾನ. ಹರಕೆ ತೀರಿಸದೆ ಕಣ್ಣು ಕುಯ್ಯಿಸಿಕೊಂಡರೆ ಅದು ದೇವರಿಗೆ ಎದುರು ನಿಂತ ಹಾಗೆ. ಹೊತ್ತವರಿಗೆ ಆಗದಿದ್ದರೆ ಯಾರಿಗಾಗಿ ಹೊತ್ತರೋ ಅವರು ತೀರಿಸಬಹುದು ಎಂದು ಯಾರೋ ಹೇಳಿದ ಮೇಲೆ ಅವ್ವ ಆ ಗಂಟನ್ನು ನನ್ನ ಚೀಲಕ್ಕೆ ಹಾಕಿದಳು. ನೀನು ಹತ್ತಿ ಬಂದ ಮಾರನೆಯ ದಿನ ಎಲ್ಲಿಗೆ ಕರೆದರೂ ಬರುತ್ತೇನೆ ಎಂದಳು.

ನಾನು ಮೂರು ಸಲ ಆ ಬೆಟ್ಟದ ಕಡೆಯ ಪಿರಿಯಾಪಟ್ಟಣಕ್ಕೆ ಹೋಗಿ ಮೂರು ಸಲವೂ ಗಂಟನ್ನು ವಾಪಸು ತಂದೆ. ಪ್ರತಿ ಸಲ ಒಂದು ನೆಪ. ನಂಬದವಳು ಹತ್ತಿದರೆ ಅದು ನಾಟಕ, ನಾನು ನಾಟಕ ಮಾಡುವುದಿಲ್ಲ ಎಂಬ ಹಟ ಒಳಗಿತ್ತು. ಅದನ್ನು ಪ್ರಾಮಾಣಿಕತೆ ಎಂದು ತಿಳಿದಿದ್ದೆ. ಅಷ್ಟರಲ್ಲಿ ಅವ್ವನ ಆಪರೇಷನ್ನಿಗೆ ಒಂದು ಗುರುವಾರ ಗೊತ್ತಾಯಿತು. ಅದು ತಪ್ಪಿದರೆ ಮತ್ತೆ ಆರು ತಿಂಗಳು.

ಆ ಗುರುವಾರಕ್ಕೆ ಹನ್ನೊಂದು ದಿನ ಮುಂಚೆ, ಒಂದು ಭಾನುವಾರ, ಪಿರಿಯಾಪಟ್ಟಣದ ಹಾಸ್ಟೆಲಿನಲ್ಲಿ ಬಾಚಣಿಗೆ ಹುಡುಕುವಾಗ ಚೀಲದಿಂದ ಮುಡಿಪು ಕೆಳಗೆ ಬಿತ್ತು. ಸ್ವೆಟರ್ ಅಕ್ಕ ಎತ್ತಿಕೊಂಡು ಹಣೆಗೆ ಒತ್ತಿಕೊಂಡಳು, ಆಮೇಲೆ ಏನಿದು ಎಂದು ಕೇಳಿದಳು. ನಾನು ಎಲ್ಲ ಹೇಳಿದೆ. ನಂಬಿಕೆ ಇಲ್ಲದೆ ಹತ್ತುವುದು ಸರಿಯಲ್ಲ ಎಂಬ ನನ್ನ ಭಾಷಣವನ್ನೂ ಸೇರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ನಿನ್ ನಂಬಿಕೆ ಯಾರ್ ಕೇಳಿದ್ರು?" ಎಂದಳು. "ನಿಮ್ಮವ್ವ ಹದಿನೆಂಟು ವರ್ಷ ನಂಬವ್ಳೆ, ಅದು ಸಾಕಾಗಕಿಲ್ವ? ಹೊರೋಕೆ ಕಾಲು ಬೇಕು ಅಷ್ಟೇಯ."

ಅವರ ಕಡೆ ಇದು ದಿನದ ವಾಡಿಕೆಯಂತೆ. ಹಾಸಿಗೆ ಹಿಡಿದವರಿಗಾಗಿ ಗಟ್ಟಿ ಇರುವವರು ಗುಡಿಯ ಸುತ್ತು ಹಾಕುತ್ತಾರೆ, ಪುಣ್ಯ ಮಲಗಿದವರ ಲೆಕ್ಕಕ್ಕೇ ಹೋಗುತ್ತದೆ. ನಾಳೆ ಸಂತೆಯಿಲ್ಲ, ಕೊಡು, ನಾನು ಹತ್ತುತ್ತೇನೆ ಎಂದು ಕೈ ನೀಡಿದಳು. ಬರಿಗಾಲಲ್ಲಿ ಹತ್ತಬೇಕು ಎಂದಷ್ಟೇ ಹೇಳಿ, ಬ್ಯಾಂಕಿಗೆ ಹೋಗುವವರ ಕೈಯಲ್ಲಿ ಚಲನ್ ಕೊಟ್ಟ ಹಾಗೆ ಮುಡಿಪು ಕೊಟ್ಟುಬಿಟ್ಟೆ. ಎಷ್ಟು ಹಗುರಾಯಿತೆಂದರೆ ಆ ದಿನ ಎರಡು ಮುದ್ದೆ ಉಂಡೆ.

ಸೋಮವಾರ ಸಂಜೆ ನಾನು ಶಾಲೆಯ ಕೆಲಸ ಮುಗಿಸಿ ಬಂದಾಗ ಆಕೆ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಪಾದದಲ್ಲಿ ಬೊಬ್ಬೆ. ವಿಭೂತಿಯ ಪೊಟ್ಟಣವನ್ನು ನನ್ನ ಕೈಗಿಟ್ಟು, ಹತ್ತಿದ್ದು ಯಾರು ಎಂದು ಅವ್ವನಿಗೆ ಹೇಳಬೇಕು, ಸುಳ್ಳು ಹೇಳಬಾರದು ಎಂದಳು. ನಾನು ಹೂಂ ಎಂದೆ.

ಶನಿವಾರ ಊರಿಗೆ ಹೋಗಿ, ನಾನೇ ಹತ್ತಿ ಒಪ್ಪಿಸಿ ಬಂದೆ ಎಂದು ಅವ್ವನಿಗೆ ಹೇಳಿದೆ. ಟಿಬೆಟಿನವಳೊಬ್ಬಳು ಹತ್ತಿದಳು ಎಂದರೆ ಅವ್ವ ಒಪ್ಪಲಾರಳು, ಗುರುವಾರ ತಪ್ಪಿಹೋಗುತ್ತದೆ ಎಂಬ ಹೆದರಿಕೆ. ನಾಟಕ ಮಾಡುವುದಿಲ್ಲ ಎಂದಿದ್ದವಳು ಅದಕ್ಕಿಂತ ದೊಡ್ಡ ನಾಟಕ ಮಾಡಿದೆ. ಅವ್ವ ಪೊಟ್ಟಣ ಬಿಚ್ಚಿ ಬೆರಳಿಗೆ ವಿಭೂತಿ ಹಚ್ಚಿಕೊಂಡು ಹಣೆಯ ಹತ್ತಿರ ತಂದಳು. ಅಲ್ಲಿಗೇ ಕೈ ನಿಲ್ಲಿಸಿ, ಕಲ್ಲು ಎಲ್ಲಿಟ್ಟೆ ಎಂದು ಕೇಳಿದಳು.

ಯಾವ ಕಲ್ಲು ಎಂದೆ ನಾನು.

ನಮ್ಮ ಮನೆತನದವರು ಆ ಬೆಟ್ಟಕ್ಕೆ ಹರಕೆ ಹೊತ್ತು ಹತ್ತಿದರೆ ಗುಡಿಯ ಹಿಂದೆ ಕಲ್ಲಿನ ಮೇಲೊಂದು ಕಲ್ಲು ಇಟ್ಟು ಬರಬೇಕಂತೆ. ಇಡದಿದ್ದರೆ ಮುಡಿಪು ಮುಟ್ಟಿದ ಹಾಗಲ್ಲ. ಬೆಟ್ಟಕ್ಕೆ ಹೋದವರು ಯಾರೂ ಅದನ್ನು ನೋಡದೆ ಇರಲಾರರು, ಅಲ್ಲೆಲ್ಲ ಕಲ್ಲಿನ ಗುಪ್ಪೆಗಳೇ. ಹತ್ತಿದವಳಿಗೆ ಹೇಳದಿದ್ದರೂ ತಿಳಿಯುತ್ತದೆ ಎಂದುಕೊಂಡು ಅವ್ವ ನನಗೆ ಅದನ್ನು ಹೇಳಿರಲಿಲ್ಲ. ಅವ್ವ ಬೆರಳಿನ ವಿಭೂತಿಯನ್ನು ಪೊಟ್ಟಣಕ್ಕೇ ಉದುರಿಸಿ ಮಡಿಸಿ ಗೂಡಿನಲ್ಲಿಟ್ಟಳು. ಮಾರನೆಯ ಬೆಳಗ್ಗೆ ಆಪರೇಷನ್ ಬೇಡ ಎಂದಳು. ನಾನು ಕೂಗಾಡಿದೆ.

"ನನ್ ಕಣ್ಣು ಓದ್ರೆ ಓಯ್ತದೆ," ಎಂದಳು ಅವ್ವ. "ನಿನ್ ಮ್ಯಾಲಿನ್ ಅರ್ಕೆ ಸುಳ್ಳಾಗ್ಬಾರ್ದು ಕಣವ್ವ."

ಆ ಮಾತಿಗೆ ನನ್ನ ಜಂಬವೆಲ್ಲ ಇಳಿಯಿತು. ಅವಳು ಹೆದರುತ್ತಿದ್ದದ್ದು ತನ್ನ ಕಣ್ಣಿಗಲ್ಲ, ನನ್ನ ಜೀವಕ್ಕೆ. ಅತ್ತುಕೊಂಡು ನಿಜ ಹೇಳಿದೆ. ಅವ್ವ ಬೈಯಲಿಲ್ಲ. ಹತ್ತಿದವಳನ್ನು ಕರೆದುಕೊಂಡು ಬಾ ಎಂದಳು, ಅಷ್ಟೇ.

ಮಂಗಳವಾರ ಆಕೆ ಕೆ.ಆರ್. ನಗರದ ಹಾಸ್ಟೆಲಿನಲ್ಲಿ ಸಿಕ್ಕಳು. ಕಲ್ಲಿನ ಮಾತೊಂದನ್ನು ಬಿಟ್ಟು ನಾನು ಹೇಳಿದ್ದನ್ನೆಲ್ಲ ಕೇಳಿ ಸ್ವೆಟರಿನ ಗಂಟನ್ನು ಅಡುಗೆಮನೆಯಲ್ಲಿ ಇಟ್ಟು ಚಪ್ಪಲಿ ಮೆಟ್ಟಿ ಹೊರಟಳು. ಬಸ್ಸಿನಲ್ಲಿ ಮಣಿ ಎಣಿಸುತ್ತಿದ್ದವಳು ಒಮ್ಮೆ ಮಾತ್ರ ನಿಲ್ಲಿಸಿ, ಅವತ್ತು ನೀರು ಕುಡಿದಾಗ ನಾನು ಕೇಳುವ ಮುಂಚೆಯೇ ನಿಜ ಹೇಳಿದ್ದೆಯಲ್ಲ, ಈಗೇಕೆ ಹೇಳಲಿಲ್ಲ ಎಂದಳು. ನಾನು ಬಸ್ಸಿಳಿಯುವವರೆಗೂ ಹೊರಗೆ ನೋಡುತ್ತ ಕೂತೆ.

ಜಗಲಿಯ ಮೇಲೆ ಅವ್ವ ಆಕೆಯನ್ನು ಕೂರಿಸಿಕೊಂಡಳು. ಕಣ್ಣು ಕಾಣದ್ದರಿಂದ ಕೈ ಹಿಡಿದಳು, ಆಮೇಲೆ ಬಗ್ಗಿ ಪಾದ ಮುಟ್ಟಿ ನೋಡಿದಳು. ಬೊಬ್ಬೆ ಒಡೆದು ಒಣಗಿದ ಚರ್ಮ ಬೆರಳಿಗೆ ಸಿಕ್ಕಿರಬೇಕು. ಬೆಟ್ಟದಲ್ಲಿ ಏನು ಕಂಡೆ ಹೇಳು ಎಂದಳು. ಆಕೆ ನಿಧಾನವಾಗಿ ಹೇಳುತ್ತ ಹೋದಳು. ಮೆಟ್ಟಿಲು ಎಣಿಸಲು ಹೋಗಿ ತಪ್ಪಿದ್ದು, ನಾಲ್ಕು ಕಡೆ ಕೂತದ್ದು, ಕೋತಿ ಬಾಳೆಹಣ್ಣು ಕಿತ್ತುಕೊಂಡದ್ದು, ಮುಡಿಪು ಒಪ್ಪಿಸುವಾಗ, ಈ ತಾಯಿಯ ಮಗಳು ಬದುಕಿದ್ದಾಳೆ, ಚೆನ್ನಾಗಿ ಉಣ್ಣುತ್ತಾಳೆ, ಮಾತು ಮಾತ್ರ ಜಾಸ್ತಿ ಎಂದು ದೇವರಿಗೆ ವರದಿ ಕೊಟ್ಟದ್ದು. ಅವ್ವ ನಗಲಿಲ್ಲ. ಇನ್ನೂ ಏನೋ ಬೇಕು ಎಂಬಂತೆ ಮುಖ ಎತ್ತಿ ಕಾಯುತ್ತಿದ್ದಳು. ನನಗೆ ಕಲ್ಲಿನ ವಿಷಯ ಹೇಳಿಕೊಡುವ ಆಸೆಯಾಯಿತು. ಅದೊಂದು ದಿನ ಬಾಯಿ ಮುಚ್ಚಿಕೊಂಡಿದ್ದೆ.

"ಆಮ್ಯಾಕೆ ಗುಡಿ ಇಂದ್ಗಡೆ ಓದೆ," ಎಂದಳು ಸ್ವೆಟರ್ ಅಕ್ಕ. "ನಮ್ಮೋರು ಯಾವ್ ಬೆಟ್ಟ ಅತ್ತಿದ್ರೂ ತುದೀಲಿ ಒಂದ್ ಕಲ್ಲು ಇಡ್ತೀವಿ ಕಣಕ್ಕ. ಅಲ್ಲಿ ನೋಡುದ್ರೆ ಆಗ್ಲೇ ಬೇಕಾದಷ್ಟಿದ್ವು, ನಮ್ಮೂರಂಗೇ ಅನ್ನುಸ್ತು. ನಾನೂ ಎರಡಿಟ್ಟೆ. ಒಂದು ನಿಮ್ದು, ಒಂದು ಇವ್ಳ್ದು."

ಯಾರಾದರೂ ಹೇಳಿಕೊಟ್ಟರೇ ಎಂದು ಅವ್ವ ಕೇಳಿದಳು. ಇಲ್ಲ ಎಂದಳು ಆಕೆ, ಅದನ್ನೂ ಯಾರಾದರೂ ಹೇಳಿಕೊಡಬೇಕೇ ಎಂಬಂತೆ.

ಅವ್ವ ಎದ್ದು ಗೋಡೆ ಹಿಡಿದುಕೊಂಡು ಗೂಡಿನವರೆಗೆ ಹೋಗಿ ಪೊಟ್ಟಣ ತಂದಳು. ತನ್ನ ಹಣೆಗೆ ವಿಭೂತಿ ಹಚ್ಚಿಕೊಂಡಳು. ತಡವಿ ನೋಡಿ ಸ್ವೆಟರ್ ಅಕ್ಕನ ಹಣೆಗೂ ಹಚ್ಚಿದಳು. ಆಕೆ ಕಣ್ಣು ಮುಚ್ಚಿ ಹಚ್ಚಿಸಿಕೊಂಡಳು. ನಾನು ಪಕ್ಕದಲ್ಲೇ ಕೂತಿದ್ದೆ. ನನಗೆ ಹಚ್ಚಲಿಲ್ಲ. ಪೊಟ್ಟಣ ಮಡಿಸಿ, ಗುರುವಾರ ಎಷ್ಟು ಗಂಟೆಗೆ ಹೊರಡಬೇಕು ಎಂದು ಕೇಳಿದಳು.

ಎರಡು ಕಣ್ಣೂ ಒಂದಾದ ಮೇಲೊಂದು ಸರಿಹೋದವು. ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅವ್ವನಿಗೆ ಸ್ವೆಟರ್ ಅಕ್ಕನನ್ನು ನೋಡಬೇಕಿತ್ತು. ನೋಡಿ, ದನಿ ಕೇಳಿ ಎತ್ತರದವಳು ಎಂದುಕೊಂಡಿದ್ದೆ, ಇಷ್ಟೇ ಉದ್ದ ಇದ್ದುಕೊಂಡು ಆ ಬೆಟ್ಟ ಹತ್ತಿದಳೇ ಎಂದು ಆಶ್ಚರ್ಯಪಟ್ಟಳು. ಅಲ್ಲಿಂದ ಪ್ರತಿ ವರ್ಷ ಕೆ.ಆರ್. ನಗರದ ಸಂತೆಯ ದಿನ ಆಕೆಗೆ ಊಟ ನಮ್ಮ ಮನೆಯಲ್ಲಿ. ಅವ್ವ ಉಪ್ಪಿನಕಾಯಿ ಕಟ್ಟಿ ಕೊಡುವಳು, ಆಕೆ ಜೋಳದ ಹಿಟ್ಟು ತರುವಳು. ನಾನು ಆಕೆಯ ಕಣ್ಣು ನೋಡಿ ಓದುವ ಕನ್ನಡಕ ಮಾಡಿಸಿಕೊಟ್ಟೆ. ಅದನ್ನು ಹಾಕಿಕೊಂಡ ಮೊದಲ ದಿನ ತನ್ನ ಜಪಮಾಲೆಯ ಮಣಿಗಳನ್ನು ಒಂದೊಂದಾಗಿ ನೋಡುತ್ತ ಕೂತಿದ್ದಳು. ಆಮೇಲೆ ನನಗೆ ಮೈಸೂರಿನಲ್ಲೇ ಕೆಲಸವಾಯಿತು, ಹಾಸ್ಟೆಲಿನ ವಾಸ ನಿಂತಿತು, ಭೇಟಿ ವರ್ಷಕ್ಕೊಂದಾಯಿತು. ಕೊನೆಯ ಎರಡು ವರ್ಷ ಅದೂ ಆಗಲಿಲ್ಲ. ಆ ತಪ್ಪು ನನ್ನದು.

ಮೊನ್ನೆ ಕ್ಯಾಂಪಿಗೆ ಹೋದಾಗ ದೀಪ ಹಚ್ಚಿಟ್ಟಿದ್ದರು. ಕಿಟಕಿಯ ಮೇಲೆ ಏಳು ಬಟ್ಟಲು, ಹಿತ್ತಾಳೆಯವು. ಫೋನು ಮಾಡಿದ್ದವರು ಆಕೆಯ ಅಕ್ಕನ ಮಗ. ಸತ್ತವರಿಗಾಗಿ ನಲವತ್ತೊಂಬತ್ತು ದಿನ ಪ್ರಾರ್ಥನೆ ನಡೆಯುತ್ತದೆ, ಅಷ್ಟರೊಳಗೆ ಬೇಕಾದವರು ಅವರ ಹೆಸರಿನಲ್ಲಿ ಏನಾದರೂ ಒಳ್ಳೆಯದು ಮಾಡಬಹುದು ಎಂದು ವಿವರಿಸಿದರು. ನಾನು ಏನು ಮಾಡಲಿ ಎಂದು ಕೇಳಿದೆ. ನಿಮಗೆ ತೋಚಿದ್ದು ಎಂದರು.

ಮಾರನೆಯ ದಿನ ಅವ್ವನನ್ನು ಕರೆದುಕೊಂಡು ಬೆಟ್ಟದಪುರಕ್ಕೆ ಹೋದೆ. ಅವಳ ಮಂಡಿಯಲ್ಲಿ ಹತ್ತುವುದು ಆಗದ ಮಾತು. ಕೆಳಗಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ಚಪ್ಪಲಿಯನ್ನು ಅವಳ ಪಕ್ಕ ಬಿಟ್ಟು ಹೊರಟೆ. ನನಗೆ ಇವತ್ತಿಗೂ ನಂಬಿಕೆ ಬಂದಿಲ್ಲ. ಬಂದಿದೆ ಎಂದರೆ ಅದು ಆಕೆಗೆ ಇಷ್ಟವಾಗದ ಸುಳ್ಳಾಗುತ್ತದೆ. ಆದರೆ ಕಾಲಿದೆ. ಐದು ಕಡೆ ಕೂತೆ, ಆಕೆಗಿಂತ ಒಂದು ಹೆಚ್ಚು. ಗುಡಿಯಲ್ಲಿ ಆಕೆಯ ನಿಜವಾದ ಹೆಸರನ್ನು ಜೋರಾಗಿ ಹೇಳಿ ಮಂಗಳಾರತಿ ಮಾಡಿಸಿದೆ. ಈ ಸಲವೂ ತಪ್ಪಾಗಿಯೇ ಉಚ್ಚರಿಸಿರಬೇಕು. ಹಿಂದುಗಡೆ ಹೋದರೆ ಕಲ್ಲಿನ ಮೇಲೆ ಕಲ್ಲು, ಲೆಕ್ಕವಿಲ್ಲದಷ್ಟು. ಆಕೆ ಇಟ್ಟ ಎರಡು ಯಾವುವು ಎಂದು ಹುಡುಕುವುದು ಹುಚ್ಚು. ಸ್ವಲ್ಪ ಹೊತ್ತು ಹುಡುಕಿದೆ. ಆಮೇಲೆ ಅಂಗೈಯಗಲದ ಒಂದು ಕಲ್ಲು ಆರಿಸಿ, ಅಲುಗಾಡದ ಜಾಗ ನೋಡಿ ಇಟ್ಟೆ.

ಇಳಿದು ಬಂದಾಗ ಅವ್ವ ಬೆಂಚಿನ ಮೇಲೆ ಹಾಗೇ ಕೂತಿದ್ದಳು. ಕಲ್ಲು ಇಟ್ಟೆಯಾ ಎಂದು ಕೇಳಿದಳು. ಇಟ್ಟೆ ಎಂದೆ.

ಅವ್ವ ನನ್ನ ಮುಖ ನೋಡಲಿಲ್ಲ, ಪಾದ ನೋಡಿದಳು. ಆ ಕಣ್ಣಿಗೆ ಈಗ ಎಲ್ಲ ಚೆನ್ನಾಗಿ ಕಾಣುತ್ತದೆ. ಆಮೇಲೆ ನನ್ನ ಕೈಯಿಂದ ವಿಭೂತಿಯ ಪೊಟ್ಟಣ ತೆಗೆದುಕೊಂಡು ಬಿಚ್ಚಿ, ಮೊದಲು ನನ್ನ ಹಣೆಗೆ ಹಚ್ಚಿದಳು.